ನೀರಿಗಿಳಿಯದ ಹೋಡಿ

ಮೊನ್ನೆ ಪಕ್ಕದ ಫ್ಲ್ಯಾಟಿನ ಹೆಂಗಸು ನನ್ನ ಮೊಣಕಾಲು ನೋವಿಗೆಂದು ಒಂದು ಬಾಟಲಿ ಮಾತ್ರೆ ತಂದುಕೊಟ್ಟಳು. ಜೇನಿನ ಬಣ್ಣದ, ಮೆತ್ತನೆಯ ಮಾತ್ರೆ. ಏನನ್ನೇ ಆಗಲಿ ಪರೀಕ್ಷಿಸದೆ ನುಂಗುವವಳಲ್ಲ ನಾನು. ಸೂಜಿಯಿಂದ ಚುಚ್ಚಿ ನೋಡಿದೆ. ಮೀನೆಣ್ಣೆ! ಉಡುಪಿ ಕಡೆಯ ಸಸ್ಯಾಹಾರಿ ಮನೆಯವಳು, ಕೂಡಲೇ ಕೈ ತೊಳೆಯಬೇಕಿತ್ತು. ಆದರೆ ಬೆರಳನ್ನು ಮೂಗಿನ ಹತ್ತಿರವೇ ಹಿಡಿದುಕೊಂಡು ಅಡುಗೆಮನೆಯಲ್ಲಿ ಬಹಳ ಹೊತ್ತು ನಿಂತುಬಿಟ್ಟೆ. ಅದು ನನ್ನ ಗಂಡನ ವಾಸನೆ.

ಹೀಗೆಂದೆನೆಂದು ನೀವು ತಪ್ಪು ತಿಳಿಯಬೇಡಿ. ನಮ್ಮವರು ಮೀನು ಮುಟ್ಟಿದವರಲ್ಲ. ಬೇಲಾಪುರ ರಸ್ತೆಯ ಕಾರ್ಖಾನೆಯೊಂದರಲ್ಲಿ ಯಂತ್ರಗಳ ಉಸ್ತುವಾರಿ ನೋಡುತ್ತಿದ್ದರು. ಊರಿನಲ್ಲಿದ್ದಾಗ ದಿನವೂ ಹೊಳೆ ದಾಟಿ ಶಾಲೆಗೆ ಹೋದವರು. ಆ ದೋಣಿಯ ಹುಚ್ಚು ಕೆಲಸಕ್ಕೆಂದು ಮರಾಠಿ ಸೀಮೆಯ ಈ ಐರೋಲಿಗೆ ಬಂದಮೇಲೂ ಬಿಡಲಿಲ್ಲ. ಇಲ್ಲಿ ಸಮುದ್ರದ ನೀರು ಒಳನುಗ್ಗುವ ಖಾಡಿಯ ದಂಡೆಯಲ್ಲಿ, ಕೋಳಿವಾಡೆ ಎಂಬ ಮೀನುಗಾರರ ಕೇರಿಯಲ್ಲಿ, ದಾಮು ಎಂಬ ಮೀನುಗಾರರ ಅಂಗಳದಲ್ಲಿ ಅವರ ಅಜ್ಜನ ಕಾಲದ ಸಣ್ಣ ಮರದ ದೋಣಿಯೊಂದು ಕವುಚಿ ಬಿದ್ದಿತ್ತು. ದಾಮು ಅದನ್ನು ಹೋಡಿ ಎನ್ನುತ್ತಿದ್ದರು. ಫೈಬರ್ ದೋಣಿಗಳು ಬಂದಮೇಲೆ ಅದನ್ನು ಕೇಳುವವರಿರಲಿಲ್ಲ, ಅದರ ಮೇಲೆ ಹೇಂಟೆಗಳು ಬಿಸಿಲು ಕಾಯಿಸಿಕೊಳ್ಳುತ್ತಿದ್ದವು. ಬೇಕಾದರೆ ರಿಪೇರಿ ಮಾಡಿಕೊಳ್ಳಿ ಎಂದು ದಾಮು ಇವರಿಗೆ ಕೊಟ್ಟುಬಿಟ್ಟರು.

ಅಲ್ಲಿಂದ ನಮ್ಮ ಮನೆಯ ಆದಿತ್ಯವಾರಗಳು ಹೋಡಿಯ ಪಾಲಾದವು. ಕೊಳೆತ ಹಲಗೆ ಬದಲಿಸುವುದು, ಸಂದುಗಳಿಗೆ ಹತ್ತಿ ತುಂಬುವುದು, ರಾಳವನ್ನು ಮೀನೆಣ್ಣೆಯಲ್ಲಿ ಕಾಯಿಸಿ ಬಳಿಯುವುದು. ಸಂಜೆ ನಾನು ಅವರನ್ನು ಬಾಗಿಲಲ್ಲೇ ತಡೆದು, ಕಳಚಿದ ಪ್ಯಾಂಟನ್ನು ಇಕ್ಕುಳದಲ್ಲಿ ಹಿಡಿದು ಬಕೆಟ್ಟಿಗೆ ಹಾಕುತ್ತಿದ್ದೆ. ಹಾವನ್ನು ಹಿಡಿದ ಹಾಗೆ ಕಾಣುತ್ತಿದ್ದೆನಂತೆ.

ಹಾಗೆಂದು ನಗುತ್ತಿದ್ದವನು ಮಗ ಸುಹಾಸ. ಅವನೂ ಅಪ್ಪನ ಜೊತೆ ಹೋಗುತ್ತಿದ್ದ. ಇಲ್ಲೇ ಹುಟ್ಟಿದವನು, ಕನ್ನಡ ಅರ್ಥವಾದರೂ ಬಾಯಿಗೆ ಬರುತ್ತಿದ್ದುದು ಹಿಂದಿ. "ಪಪ್ಪಾ, ಏಕ್ ಪಾಲ್ ಲಗಾತೇ ಹೈ ನಾ," ಎಂದು ಹಾಯಿಗಾಗಿ ಹಟ ಹಿಡಿದ. "ಇಷ್ಟು ಸಣ್ಣ ದೋಣಿಗೆ ಎಂತ ಹಾಯಿ ಮಾರಾಯ?" ಎಂದು ಇವರು ಗದರಿದರು. ಆದರೂ ಮುಂದಿನ ವಾರ ಹಾಯಿಗೆ ಕಂಬ ನಿಲ್ಲಿಸಿ ಬಂದದ್ದನ್ನು ಇಬ್ಬರೂ ಊಟದ ಹೊತ್ತಿಗೆ ಒಬ್ಬರ ಮಾತಿಗೊಬ್ಬರು ಅಡ್ಡ ಬಂದು ವರ್ಣಿಸಿದರು.

ಸುಹಾಸನಿಗೆ ಡೊಂಬಿವಲಿಯಲ್ಲಿ ಕೆಲಸ ಸಿಕ್ಕಿತು. ಹೋಡಿಗೆ ಕೊನೆಯ ಬಣ್ಣವಷ್ಟೇ ಬಾಕಿ ಉಳಿದಿದ್ದ ಮಳೆಗಾಲದಲ್ಲಿ, ಕೆಲಸ ಮುಗಿಸಿ ಬರುವಾಗ ಅವನು ತುಂಬಿದ ಲೋಕಲ್ ಟ್ರೇನಿನ ಬಾಗಿಲಿನಿಂದ ಬಿದ್ದುಹೋದ. ಇದಕ್ಕಿಂತ ಹೆಚ್ಚು ನನ್ನಿಂದ ಬರೆಯಲಾಗದು.

ಕ್ರಿಯೆಗಳೆಲ್ಲ ಮುಗಿದ ಮೇಲಿನ ಆದಿತ್ಯವಾರ ಇವರು ಮತ್ತೆ ಚೀಲ ಹಿಡಿದು ಹೊರಟರು. ಬಣ್ಣ ಹಚ್ಚಿ ಮುಗಿಸಲಿ, ಅಷ್ಟಾದರೂ ಸಮಾಧಾನ ಸಿಗಲಿ ಅಂದುಕೊಂಡೆ. ಬಣ್ಣ ಹಚ್ಚಿದರು. ಆಮೇಲೆ ಅದನ್ನು ಕೆರೆದು ತೆಗೆದರು. ಮತ್ತೆ ಹಚ್ಚಿದರು, ಮತ್ತೆ ಕೆರೆದರು. ಹೀಗೇ ವರ್ಷಗಳು ಹೋದವು. ಒಂದು ದಿನ ತಡೆಯಲಾಗದೆ ನಾನೂ ಹಿಂದೆಯೇ ಹೋದೆ. ಹೊಳೆಯುತ್ತಿದ್ದ ಹೋಡಿಗೆ ಪಾಲಿಶ್ ಪೇಪರ್ ಹಿಡಿದು ಕೂತಿದ್ದರು.

"ಚಂದ ಇತ್ತಲ್ಲ ಮಾರಾಯ್ರೆ, ಯಾಕೆ ಕೆರೆಯುದು?"

"ಇಲ್ಲೊಂದು ಕಡೆ ಉಬ್ಬಿದೆ."

"ಎಲ್ಲಿ? ನಂಗೆ ಕಾಣುದಿಲ್ಲ. ಒಮ್ಮೆ ನೀರಿಗೆ ಇಳಿಸಿ ಮುಗಿಸಿ."

ಅವರು ತಲೆ ಎತ್ತಲಿಲ್ಲ. "ಮುಗಿದ್ರೆ ಆದಿತ್ಯವಾರ ನಾನು ಎಲ್ಲಿಗೆ ಹೋಗುದು?"

"ಮನೆಯಲ್ಲಿರಿ. ನಾನಿಲ್ವಾ ಅಲ್ಲಿ?"

ಅವರು ಮತ್ತೆ ಮರದ ಮೇಲೆ ಪೇಪರ್ ಉಜ್ಜತೊಡಗಿದರು. ನಾನು ರಿಕ್ಷಾ ಹಿಡಿದು ಬಂದುಬಿಟ್ಟೆ. ಮರದ ಸವತಿಯ ಮೇಲೆ ಹೊಟ್ಟೆಕಿಚ್ಚು ಪಟ್ಟವಳು ಐರೋಲಿಯಲ್ಲಿ ನಾನೊಬ್ಬಳೇ ಇರಬೇಕು. ಮತ್ತೆ ಆ ಕಡೆ ಹೋಗಲಿಲ್ಲ. ಮನೆಯಲ್ಲಿ ನಮ್ಮ ಮಾತು ಹಾಲು ಬಂತಾ, ಉಪ್ಪು ಸಾಕಾ ಎಂಬುದನ್ನು ದಾಟಲಿಲ್ಲ. ಮಗನ ಹೆಸರನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಕಳೆದ ವರ್ಷ, ಚಹಾ ತರಲೆಂದು ನಾನು ಒಳಗೆ ಹೋಗಿದ್ದಾಗ, ಕುರ್ಚಿಯಲ್ಲಿ ಕೂತಲ್ಲೇ ಅವರ ಹೃದಯ ನಿಂತಿತು.

ಮಾತ್ರೆ ಚುಚ್ಚಿದ ಮರುದಿನ ಬೆಳಿಗ್ಗೆ ನಾನು ಕೋಳಿವಾಡೆಗೆ ಹೋದೆ. ದಾಮು ಮುದುಕರಾಗಿದ್ದಾರೆ, ಬಲೆ ಹೊಲಿಯುತ್ತ ಕೂತಿದ್ದರು. ತಾಡಪಾಲಿನಡಿ ಹೋಡಿ ಹಾಗೆಯೇ ಇತ್ತು.

"ಇದನ್ನು ನೀರಿಗೆ ಇಳಿಸಬೇಕು ದಾಮುಭಾವು," ಎಂದು ನನ್ನ ಹರಕು ಮರಾಠಿಯಲ್ಲಿ ಹೇಳಿದೆ.

ಅವರು ಎದ್ದು ತಾಡಪಾಲು ಸರಿಸಿದರು. "ಇಲ್ಲಿ ಒತ್ತಿ ನೋಡಿ ವಹಿನಿ." ಅವರು ನನ್ನನ್ನು ಅತ್ತಿಗೆ ಎಂದೇ ಕರೆಯುವುದು.

ಹೆಬ್ಬೆರಳಿನಿಂದ ಒತ್ತಿದೆ. ಹಲಗೆ ರಟ್ಟಿನಂತೆ ಒಳಗೆ ಹೋಯಿತು. ಇನ್ನೊಂದು ಕಡೆ ಒತ್ತಿದೆ, ಅಲ್ಲೂ ಹಾಗೆಯೇ. "ಘಾಸೂನ್ ಘಾಸೂನ್ ಪಾತಳ್ ಝಾಲಂ," ಎಂದರು. ಉಜ್ಜಿ ಉಜ್ಜಿಯೇ ತೆಳ್ಳಗಾಗಿತ್ತು.

"ಇವರಿಗೆ ಗೊತ್ತಿತ್ತಾ?"

"ಎಷ್ಟೋ ವರ್ಷದ ಹಿಂದೆಯೇ ಹೇಳಿದ್ದೆ, ಇನ್ನು ಉಜ್ಜಿದರೆ ತೇಲುವುದಿಲ್ಲ ಅಂತ. ಗೊತ್ತು ಅಂದರು. ಆಮೇಲೂ ಉಜ್ಜಿದರು."

ಮಗನ ನೆನಪನ್ನು ಅವರು ಅಲ್ಲಿ ಕಾಪಾಡುತ್ತಿದ್ದಾರೆಂದು ಅಷ್ಟು ವರ್ಷ ನಾನು ತಿಳಿದಿದ್ದೆ. ಅವರು ಅದನ್ನು ವಾರವಾರವೂ ಸವೆಸುತ್ತಿದ್ದರು. ಯಾರೂ ಇನ್ನು ಆ ಹೋಡಿಯಲ್ಲಿ ಕೂರದ ಹಾಗೆ. ಸತ್ತ ಗಂಡನ ಮೇಲೆ ಸಿಟ್ಟು ಬಂತು. ಬೆಳಗಿನ ಬಿಸಿಲಲ್ಲಿ, ಬೇರೆಯವರ ಅಂಗಳದಲ್ಲಿ ನಿಂತು ಆ ದೋಣಿಗೆ ಬೈದೆ. ಬೈಯುತ್ತ ಬೈಯುತ್ತ ಸುಹಾಸನ ಹೆಸರು ಬಾಯಿಗೆ ಬಂತು, ಆಮೇಲೆ ಅಳು ನಿಲ್ಲಲಿಲ್ಲ. ದಾಮು ಬೇರೆ ಕಡೆ ನೋಡುತ್ತ ನಿಂತರು.

ನಾನು ಮುಖ ಒರೆಸಿಕೊಂಡ ಮೇಲೆ ಹೇಳಿದರು: "ಒಳಗಿನ ಪಕ್ಕೆಲುಬುಗಳು ಗಟ್ಟಿ ಇವೆ. ಹೊಸ ಹಲಗೆ ಹೊಡೆಯಬಹುದು. ಪಣ್ ಬಸಣಾರ್ ಕೋಣ್?"

ಕೂರುವವರು ಯಾರು ಎಂದು ಕೇಳಿದ್ದರು.

"ಮೀ," ಎಂದೆ. ನಾನೇ.

"ಈಜು ಬರುತ್ತದಾ?"

"ಇಲ್ಲ."

ದಾಮು ನನ್ನ ಮುಖವನ್ನು ಒಮ್ಮೆ ನೋಡಿದರು. ಒಳಗೆ ಹೋಗಿ ಅಳತೆಯ ಟೇಪು ತಂದರು. ಅದರ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ಎಳೆದುಕೊಂಡು ಹೋಡಿಯ ಆ ಕೊನೆಗೆ ನಡೆದರು.