ನೇಗಿಲು ಕಟ್ಟಿದ ಸರಪಳಿ

ಮೆಹಕರದ ಪಂಢರಿ ನೇಗಿಲನ್ನು ಟ್ರ್ಯಾಕ್ಟರಿಗೆ ಸರಪಳಿಯಿಂದ ಬಿಗಿಯದೆ ಎಂದೂ ರಸ್ತೆಗೆ ಇಳಿದವನಲ್ಲ. ಹಳೇ ಟ್ರ್ಯಾಕ್ಟರಿನ ಹೈಡ್ರಾಲಿಕ್ ಲಿಫ್ಟು ಎತ್ತಿದ ಭಾರವನ್ನು ದಾರಿಯಲ್ಲೇ ಕೆಳಗಿಳಿಸಿಬಿಡುತ್ತಿತ್ತು. ಅಂದಿನಿಂದ ಹೈಡ್ರಾಲಿಕ್ ಎಂದರೆ ಅವನಿಗೆ ಅಪನಂಬಿಕೆ. ಹೊಸ ಟ್ರ್ಯಾಕ್ಟರಿಗೂ ಅದೇ ಸರಪಳಿ ಬಿತ್ತು.

ಔರಾದದಿಂದ ಭಾಲ್ಕಿ ಕಡೆ ಬರುವಾಗ ಹಿಂದಿನ ಕಬ್ಬಿಣದ ನೇಗಿಲು ಟ್ರ್ಯಾಕ್ಟರನ್ನೇ ಕುಣಿಸತೊಡಗಿತು. ತಗ್ಗು ಬಂದಾಗಲೆಲ್ಲ ಮುಂದಿನ ಗಾಲಿ ನೆಲ ಬಿಡುತ್ತಿತ್ತು. ಸೇತುವೆಯ ಮೇಲೆ ಎದುರಿಗೆ ಬಸ್ಸು ಬಂತು. ಪಂಢರಿ ಸ್ಟೇರಿಂಗ್ ತಿರುಗಿಸಿದ, ಮುಂದಿನ ಗಾಲಿ ಗಾಳಿಯಲ್ಲಿದ್ದ ಟ್ರ್ಯಾಕ್ಟರು ತಿರುಗಲಿಲ್ಲ. ಬ್ರೇಕ್ ತುಳಿದ. ಗಾಲಿ ನೆಲಕ್ಕೆ ಬಡಿಯಿತು, ಬಸ್ಸು ಕೂದಲೆಳೆ ಅಂತರದಲ್ಲಿ ಹಾದುಹೋಯಿತು.

ಸೇತುವೆ ದಾಟಿ ನಿಂತಾಗ, ಮಡ್‌ಗಾರ್ಡ್ ಮೇಲೆ ಕೂತಿದ್ದ ಹೆಂಡತಿ ಕಾಂತಾಬಾಯಿ ಕೇಳಿದಳು: "ಕುಣಿಯೋದು ತಡಿಯೋ ಬಟನ್ ಒತ್ತೀರೇನ್ರಿ?"

"ಔರಾದದಾಗೇ ಒತ್ತೀನಿ. ಬೋಗಸ್ ಅದ ಅದು!"

"ಆ ಬಟನ್ ಒತ್ತಿದ್ರ ಲಿಫ್ಟ್ ತುಸು ಮ್ಯಾಲ ಕೆಳಗ ಆಡಿ ಪೆಟ್ಟು ನುಂಗ್ತದ ಅಂತ ಶೋರೂಮಿನ್ಯಾಗ ಹೇಳಿದ್ರಲ್ರಿ. ನೀವು ಕಟ್ಟಿ ಹಾಕಿದ್ರ ಹ್ಯಾಂಗ ಆಡಬೇಕ್ರಿ?"

ಗೊಣಗುತ್ತಲೇ ಅವನು ಸರಪಳಿ ಬಿಚ್ಚಿದ. ಮುಂದಿನ ತಗ್ಗಿನಲ್ಲಿ ನೇಗಿಲು ಮೆಲ್ಲಗೆ ಬಾಗಿ ಎದ್ದಿತು. ಗಾಲಿ ನೆಲ ಬಿಡಲಿಲ್ಲ. ಸ್ಟೇರಿಂಗ್ ಮೇಲಿನ ಪಂಢರಿಯ ಮುಷ್ಟಿ ಮಾತ್ರ ಬಿಗಿದೇ ಇತ್ತು.

"ಈಗ ಕೈನೂ ತುಸು ಸಡ್ಲ ಬಿಡ್ರಿ," ಎಂದಳು ಕಾಂತಾಬಾಯಿ.