ನನ್ನ ಸಹಿ ಇದ್ದ ನೀರು

2022ರ ಮಾರ್ಚ್‌ನಲ್ಲಿ ನಾನು ರೋಣದಲ್ಲಿ, ನೀರು ಪರೀಕ್ಷಿಸುವ ಒಂದು ಸಣ್ಣ ಪ್ರಯೋಗಾಲಯದ ಹಿರಿಯ ವಿಶ್ಲೇಷಕಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಎರಡು ಕೋಣೆ, ನೀರಿನಲ್ಲಿ ಬೆಳಕು ಹಾಯಿಸಿ ಅಳೆಯುವ ಒಂದು ಸ್ಪೆಕ್ಟ್ರೋಫೋಟೋಮೀಟರ್, ಗೋಡೆಯ ತುಂಬ ಬಾಟಲಿಗಳು. ಯಾವಗಲ್‌ನ ಕೊಳವೆಬಾವಿಯಿಂದ ಹಿಡಿದು, ಮಲಪ್ರಭೆ ಉಕ್ಕಿದಾಗ ಮೆಣಸಗಿ ಕಡೆಯ ಬಾವಿಗಳವರೆಗೆ ಎಲ್ಲ ಬಗೆಯ ನೀರೂ ನನ್ನ ಕೈಯಲ್ಲಿ ಹಾದುಹೋಗಿತ್ತು. ಹುಳ ಬಿದ್ದದ್ದು, ಸಗಣಿ ಬೆರೆತದ್ದು, ಸತ್ತ ಇಲಿಯ ನಾತ ಹೊಡೆಯುವುದು ಯಾವುದಕ್ಕೂ ನಾನು ಮೂಗು ಮುಚ್ಚಿಕೊಂಡವಳಲ್ಲ. ಹೊಲಸು ನೀರು ತಾನು ಹೊಲಸಲ್ಲ ಎಂದು ಹೇಳುವುದಿಲ್ಲ, ಅದರ ಜೊತೆ ಕೆಲಸ ಮಾಡಬಹುದು. ಆ ವರ್ಷ ಮಾತ್ರ ನನಗೆ ನಿಜವಾಗಿ ಹೇಸಿಗೆಯಾಯಿತು. ಅದರಲ್ಲಿ ಅರ್ಧ ನನ್ನ ಬಗ್ಗೆಯೇ.

ಒಂದು ಸೋಮವಾರ ಗಜೇಂದ್ರಗಡದಿಂದ ಫಕ್ಕೀರಪ್ಪ ಎಂಬವರು ಬಂದರು. ಐವತ್ತೈದರ ಆಸುಪಾಸು, ಎಡಗಾಲು ಸ್ವಲ್ಪ ಎಳೆಯುತ್ತಿದ್ದರು. ಕೈಯಲ್ಲಿ ಒಂದು ನೀರಿನ ಬಾಟಲಿ, ಪೆನ್ನಿನಷ್ಟುದ್ದದ ಒಂದು ಮೀಟರ್. ಸರಕು ಹಡಗುಗಳ ಎಂಜಿನ್ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಫಿಟ್ಟರ್ ಆಗಿ ದುಡಿದು, ಮೊಣಕಾಲು ಮುರಿದುಕೊಂಡು ಊರಿಗೆ ಮರಳಿದವರು. ಹಡಗಿನಲ್ಲಿ ಸಮುದ್ರದ ನೀರನ್ನು ಕಾಯಿಸಿ ಕುಡಿಯುವ ನೀರು ಮಾಡುವ ಯಂತ್ರ ನೋಡಿಕೊಳ್ಳುವುದು ಅವರ ಪಾಳಿಯಾಗಿತ್ತಂತೆ. ಊರಿಗೆ ಬಂದ ಮೇಲೆ ಸಮುದ್ರವಿಲ್ಲದೆ ಇರಲಾಗದೆ, ಮನೆಯ ನಡುಕೋಣೆಯಲ್ಲಿ ಇನ್ನೂರು ಲೀಟರಿನ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ, ಜೀವಂತ ಹವಳಗಳನ್ನು ಸಾಕಿದ್ದರು. ಹವಳವೆಂದರೆ ಉಂಗುರದ ಕೆಂಪು ಕಲ್ಲಲ್ಲ, ಬೆಳಕಿಗೆ ಅರಳಿ ಕತ್ತಲಿಗೆ ಮುದುಡುವ ಪ್ರಾಣಿ ಎಂದು ಅವರು ಬಿಡಿಸಿ ಹೇಳಬೇಕಾಯಿತು. ಎರಡು ವರ್ಷ ಚೆನ್ನಾಗಿದ್ದ ಅವು ಒಂದೂವರೆ ತಿಂಗಳಿಂದ ಸಾಯುತ್ತಿದ್ದವು.

ಅವರು ಮೊದಲು ಕೇಳಿದ್ದು ಹವಳದ ವಿಷಯವನ್ನಲ್ಲ. ಮೊಬೈಲ್‌ನಲ್ಲಿ ಒಂದು ಪ್ರಮಾಣಪತ್ರದ ಫೋಟೋ ತೆಗೆದು ನನ್ನ ಮುಂದೆ ಹಿಡಿದರು.

"ಬಾಯಾರ, ಈ ಸಹಿ ಯಾರದ್ರಿ?"

"ನಂದ."

"ಇದರಾಗ ಟಿ.ಡಿ.ಎಸ್. ಇಪ್ಪತ್ತೆಂಟು ಅಂತ ಐತ್ರಿ. ನನ್ನ ಮೀಟರ್ ಅದ ನೀರಿಗೆ ಸಾವಿರದ ನೂರಾ ಎಂಬತ್ತು ತೋರಸ್ತೈತಿ. ಮೀಟರ್ ಕೆಟ್ಟೈತೇನು, ಸ್ವಲ್ಪ ನೋಡಿ ಹೇಳ್ರಿ."

ಟಿ.ಡಿ.ಎಸ್. ಎಂದರೆ ಒಂದು ಲೀಟರ್ ನೀರಿನಲ್ಲಿ ಕರಗಿರುವ ಎಲ್ಲ ಲವಣಗಳ ಒಟ್ಟು ತೂಕ. ಅವುಗಳಲ್ಲಿ ಏನೇನಿದೆ ಎಂದು ಅದು ಹೇಳುವುದಿಲ್ಲ, ಎಷ್ಟಿದೆ ಎಂದು ಮಾತ್ರ ಹೇಳುತ್ತದೆ. ಹವಳದ ತೊಟ್ಟಿಗೆ ಇದು ಸೊನ್ನೆಗೆ ಹತ್ತಿರ ಇರಬೇಕು. ಕಾರಣ ಸರಳ. ಬೇಸಿಗೆಯಲ್ಲಿ ಅವರ ತೊಟ್ಟಿಯಿಂದ ದಿನಕ್ಕೆ ಮೂರು ಲೀಟರ್ ಆವಿಯಾಗುತ್ತಿತ್ತು. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ದಿನವೂ ಬರೀ ನೀರು ಸೇರಿಸಬೇಕು. ಆ ನೀರಿನಲ್ಲಿ ಬಂದ ನೈಟ್ರೇಟ್, ಫಾಸ್ಫೇಟ್, ತಾಮ್ರ ಯಾವುದೂ ಹೊರಗೆ ಹೋಗದೆ ದಿನದಿನಕ್ಕೆ ಕೂಡುತ್ತ ಹೋಗುತ್ತದೆ.

ಫಕ್ಕೀರಪ್ಪ ನೀರು ಆರಿಸುವುದರಲ್ಲಿ ಅಸಡ್ಡೆ ಮಾಡಿದವರಲ್ಲ. ಮೊದಲು ಮನೆಯಲ್ಲೇ ಸಣ್ಣ ಆರ್.ಒ. ಯಂತ್ರವಿತ್ತು, ಅಂದರೆ ಒತ್ತಡದಿಂದ ನೀರನ್ನು ಅತಿ ಸೂಕ್ಷ್ಮ ರಂಧ್ರಗಳ ಪೊರೆಯಲ್ಲಿ ಹಾಯಿಸಿ ಲವಣ ತೆಗೆಯುವ ಯಂತ್ರ. ಉಳಿದ ಚೂರುಪಾರನ್ನು ಹೀರಿಕೊಳ್ಳಲು ಡಿ.ಐ. ರಾಳದ ಮಣಿಗಳು ತುಂಬಿದ ಕೊಳವೆ. ಜನವರಿಯಲ್ಲಿ ಪೊರೆ ಹಾಳಾಯಿತು, ಹೊಸದು ಬರುವುದು ತಡವಾಯಿತು. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ತರೋಣವೆಂದರೆ ಅದರ ಆವಿಯನ್ನು ತಾಮ್ರದ ಸುರುಳಿಯಲ್ಲಿ ತಣಿಸಿ ಇಳಿಸುತ್ತಾರೆ, ತಾಮ್ರ ತಾಗಿದರೆ ಹವಳ ಉಳಿಯುವುದಿಲ್ಲ. ಕೊನೆಗೆ ಊರಲ್ಲೇ ಇದ್ದ ಶುದ್ಧ ನೀರಿನ ಘಟಕವೊಂದಕ್ಕೆ ಹೋಗಿದ್ದಾರೆ. ಗೋಡೆಯ ಮೇಲೆ ಕಟ್ಟು ಹಾಕಿಸಿದ ಪ್ರಮಾಣಪತ್ರ ನೋಡಿದ್ದಾರೆ. ಇಪ್ಪತ್ತೆಂಟು ಎಂದರೆ ರಾಳ ಅದನ್ನು ಸುಲಭವಾಗಿ ಸೊನ್ನೆಗೆ ಇಳಿಸುತ್ತದೆ ಎಂದು ಲೆಕ್ಕ ಹಾಕಿ ಕ್ಯಾನ್ ತರತೊಡಗಿದ್ದಾರೆ. ತಿಂಗಳುಗಟ್ಟಲೆ ಬರಬೇಕಾದ ರಾಳ ನಾಲ್ಕೇ ದಿನಕ್ಕೆ ಸತ್ತಿತು. ಆಗ ಅವರು ರಾಳ ಮಾರಿದವನನ್ನು ಬೈದು, ಅದೇ ನೀರನ್ನು ತೊಟ್ಟಿಗೆ ಸುರಿಯುತ್ತ ಹೋಗಿದ್ದರು. ಆಮೇಲೆ ಮೀಟರ್ ಕೊಂಡರು, ಮೀಟರನ್ನೂ ನಂಬಲಿಲ್ಲ. ನಂಬಿದ್ದು ನನ್ನ ಸಹಿಯನ್ನು.

ಅವರ ಮೀಟರನ್ನು, ಅಂಕಿ ಮೊದಲೇ ಗೊತ್ತಿರುವ ನಮ್ಮ ಪ್ರಮಾಣ ದ್ರಾವಣದಲ್ಲಿ ಅದ್ದಿದೆ. ಸರಿಯಾಗಿಯೇ ಇತ್ತು. ಅವರ ಬಾಟಲಿಯ ನೀರಿನಲ್ಲಿ ನೈಟ್ರೇಟ್ ನೋಡಿದೆ. ಲೀಟರಿಗೆ ನಲವತ್ತೈದು ಮಿಲಿಗ್ರಾಂ ಮೀರಬಾರದು, ನೂರಾ ಅರವತ್ತೆರಡು ಇತ್ತು. ಒಂದೂವರೆ ಮೀರಬಾರದ ಫ್ಲೋರೈಡ್ ಎರಡು ದಾಟಿತ್ತು. ಇದು ಶುದ್ಧೀಕರಿಸಿದ ನೀರಲ್ಲ, ನಮ್ಮ ಕಡೆಯ ಯಾವುದೇ ಕೊಳವೆಬಾವಿಯ ನೀರು.

ಹಳೆಯ ಕಡತ ತೆಗೆದೆ. ಹಿಂದಿನ ಸೆಪ್ಟೆಂಬರಿನಲ್ಲಿ ಘಟಕದ ಮಾಲೀಕ ಶಂಕ್ರಪ್ಪ ತಾನೇ ಒಂದು ಬಾಟಲಿ ತಂದು ಕೊಟ್ಟಿದ್ದ. ಮಾದರಿ ತೆಗೆದವರು ಎಂಬ ಜಾಗದಲ್ಲಿ ಅವನ ಹೆಸರೇ ಇತ್ತು. ನಿಯಮದ ಪ್ರಕಾರ ನಾವು ಹೋಗಿ ತೆಗೆಯಬೇಕು. ಜೀಪು ಸಿಗುವುದಿಲ್ಲ, ಬಸ್ಸಿನಲ್ಲಿ ದಿನ ಹಾಳು ಎಂದು ನಾವು ಆ ಪದ್ಧತಿಯನ್ನು ಕೈಬಿಟ್ಟು ಮೂರು ವರ್ಷವಾಗಿತ್ತು. ಬಾಟಲಿಯಲ್ಲಿದ್ದದ್ದು ಅಂಗಡಿಯಲ್ಲಿ ಕೊಂಡ ಸೀಲು ನೀರಾಗಿರಬೇಕು. ಅದರ ಟಿ.ಡಿ.ಎಸ್. ಇಪ್ಪತ್ತೆಂಟೇ ಇತ್ತು, ನಾನು ಬರೆದದ್ದರಲ್ಲಿ ಒಂದಂಕಿಯೂ ಸುಳ್ಳಿರಲಿಲ್ಲ.

ಮೇಲಧಿಕಾರಿಗೆ ಹೇಳಿದೆ. ಮೀನು ಸಾಕುವವರ ತಕರಾರಿಗೆಲ್ಲ ಸರಕಾರಿ ರಾಸಾಯನಿಕ ಖರ್ಚು ಮಾಡಬಾರದು, ಮುಂದಿನ ವರ್ಷ ನವೀಕರಣಕ್ಕೆ ಬಂದಾಗ ನೋಡಿದರಾಯಿತು ಎಂದರು. ಮರುದಿನ ರಜೆ ಹಾಕಿ, ಚೀಲದಲ್ಲಿ ನಾಲ್ಕು ತೊಳೆದ ಬಾಟಲಿ ಇಟ್ಟುಕೊಂಡು ಗಜೇಂದ್ರಗಡದ ಬಸ್ಸು ಹತ್ತಿದೆ.

ಘಟಕದ ಮುಂಭಾಗಕ್ಕೆ ನೀಲಿ ಟೈಲ್ಸ್ ಹಾಕಿದ್ದರು. ಶಂಕ್ರಪ್ಪನಿಗೆ ನನ್ನ ಮುಖ ನೆನಪಿರಲಿಲ್ಲ. ನೀರು ಹೇಗಿದೆ ಎಂದು ಕೇಳಿದ್ದಕ್ಕೆ ಅವನು ಹೆಮ್ಮೆಯಿಂದ ಗೋಡೆ ತೋರಿಸಿದ. ಗಾಜಿನ ಹಿಂದೆ ನನ್ನ ಸಹಿ. ಅದರ ಮೂಲೆಗೆ ಕುಂಕುಮ ಹಚ್ಚಿ, ಊದುಬತ್ತಿ ಸಿಕ್ಕಿಸಿದ್ದರು. ನಾನು ಯಾರೆಂದು ಹೇಳಿ ಒಳಗೆ ನಡೆದೆ.

ಪೊರೆಗಳಿರಬೇಕಾದ ಆರು ಉದ್ದ ಕೊಳವೆಗಳು ಚೌಕಟ್ಟಿನಲ್ಲಿ ಸಾಲಾಗಿ ನಿಂತಿದ್ದವು. ಬೆರಳಿಂದ ಬಡಿದೆ. ಆರೂ ಟೊಳ್ಳು. ಹಿಂದುಗಡೆ ಕೊಳವೆಬಾವಿಯ ಟ್ಯಾಂಕಿನಿಂದ ನೇರವಾಗಿ ನಲ್ಲಿಗೆ ಒಂದು ಪ್ಲಾಸ್ಟಿಕ್ ಪೈಪು ಎಳೆದಿದ್ದರು. ನೆಲದ ತೊಟ್ಟಿಯ ಮುಚ್ಚಳ ಎತ್ತಿಸಿದೆ. ಒಳಗೋಡೆಗೆ ಬೆರಳು ದಪ್ಪದ ಕಪ್ಪು ಲೋಳೆ ಅಂಟಿತ್ತು, ಜಿರಳೆಗಳು ತೇಲುತ್ತಿದ್ದವು, ಒಂದು ಮೂಲೆಯಲ್ಲಿ ಊದಿಕೊಂಡ ಹಲ್ಲಿ. ಖಾಲಿ ಕ್ಯಾನುಗಳನ್ನು ಅದೇ ನೀರಲ್ಲಿ ಅದ್ದಿ ತೆಗೆದು, ಹೊರಮೈಯನ್ನು ಮಾತ್ರ ಬಟ್ಟೆಯಿಂದ ಹೊಳೆಯುವಂತೆ ಒರೆಸುತ್ತಿದ್ದರು. ನನಗೆ ಹೇಸಿಗೆಯಾಯಿತು. ಹಲ್ಲಿಯಿಂದಲ್ಲ, ಆ ಬಟ್ಟೆಯಿಂದ.

ಪೊರೆಗಳು ಎಲ್ಲಿ ಎಂದು ಕೇಳಿದೆ. ಸವೆದು ಹೋದವು, ಹೊಸವು ಭಾಳ ತುಟ್ಟಿ, ಜನರಿಗೆ ತಣ್ಣಗಿದ್ದರೆ ಸಾಕು ಎಂದ. ಮುಖದಲ್ಲಿ ಹೆದರಿಕೆ ಇರಲಿಲ್ಲ. ಸೆಪ್ಟೆಂಬರಿನ ಬಾಟಲಿ ಎಲ್ಲಿಯದು ಎಂದಾಗ ಮಾತ್ರ ಸ್ವಲ್ಪ ನಕ್ಕ.

"ಬಾಟ್ಲಿ ನೀವ ತಂದ್ಕೊಡ್ರಿ ಅಂದೋರು ನಿಮ್ಮ ಆಫೀಸಿನೋರ ಅಲ್ಲೇನ್ರಿ? ತಂದು ಕೊಟ್ಟೆ."

ನಾನು ಚೀಲದಿಂದ ಬಾಟಲಿ ತೆಗೆದೆ.

ನಲ್ಲಿಯಿಂದ ನಾನೇ ಬಾಟಲಿ ತುಂಬಿ, ಸೀಲು ಹಾಕಿ, ಅವನ ಸಹಿ ಪಡೆದೆ. ಹೊರಬರುವಾಗ ಒಂದು ಆಟೋಗೆ ಕ್ಯಾನು ಏರಿಸುತ್ತಿದ್ದರು. ಎಲ್ಲಿಗೆ ಎಂದು ಕೇಳಿದೆ. ಹೆರಿಗೆ ದವಾಖಾನಿಗೆ ಎಂದರು.

ನೈಟ್ರೇಟ್ ಹೆಚ್ಚಿರುವ ನೀರು ದೊಡ್ಡವರಿಗೆ ತಕ್ಷಣ ಏನೂ ಮಾಡಿದಂತೆ ಕಾಣುವುದಿಲ್ಲ. ಎಳೆಗೂಸಿನ ಹೊಟ್ಟೆಗೆ ಹೋದರೆ ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಳ್ಳುತ್ತದೆ, ಮಗು ನೀಲಿಗಟ್ಟುತ್ತದೆ. ನಾನು ಅದೇ ಆಟೋದಲ್ಲಿ ಕ್ಯಾನುಗಳ ನಡುವೆ ಕೂತು ಹೋದೆ.

ಅದು ಎಂಟು ಹಾಸಿಗೆಯ ಖಾಸಗಿ ಆಸ್ಪತ್ರೆ. ಮೆಹಬೂಬಿ ಎಂಬ ಹಿರಿಯ ನರ್ಸ್ ಒಲೆಯ ಮೇಲೆ ನೀರು ಕುದಿಸುತ್ತಿದ್ದರು, ಪಕ್ಕದಲ್ಲಿ ಹಾಲಿನ ಪುಡಿಯ ಡಬ್ಬಿ. ಒಲೆ ಆರಿಸಿರಿ ಎಂದೆ. ಅವರಿಗೆ ಸಿಟ್ಟು ಬಂತು.

"ಹತ್ತು ನಿಮಿಷ ಚಲೋತ್ನಂಗ ಕುದಿಸೇ ಕೊಡ್ತೀವ್ರಿ. ಹಂಗ ಕೊಡಂಗಿಲ್ಲ."

ಕುದಿಸಿದರೆ ಕ್ರಿಮಿ ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ನೀರು ಕಡಿಮೆಯಾದಷ್ಟೂ ಅದು ಇನ್ನೂ ಗಟ್ಟಿಯಾಗುತ್ತದೆ. ಇದನ್ನು ಹೇಳಿದಾಗ ಆಕೆ ಒಲೆ ಆರಿಸಿದರು. ಆಮೇಲೆ ನಿಧಾನಕ್ಕೆ ಹೇಳಿದರು. ಅಸೂಟಿಯ ಒಬ್ಬ ಬಾಣಂತಿ ಹೊಲಿಗೆ ಕೀವಾಗಿ ಹದಿನೈದು ದಿನದಿಂದ ಅಲ್ಲೇ ಇದ್ದಳು. ಎದೆಹಾಲು ಇರಲಿಲ್ಲ, ಕೂಸಿಗೆ ಪುಡಿಯ ಹಾಲೇ. ಹಿಂದಿನ ದಿನ ಕೂಸಿನ ತುಟಿ ನೀಲಿಯಾಗಿ, ಹೃದಯದ ತೊಂದರೆ ಇರಬೇಕೆಂದು ಗದಗಿಗೆ ಕಳಿಸಿದ್ದರು. ಅಜ್ಜಿ ಜೊತೆಗೆ ಹೋಗಿದ್ದಳು, ಒಲೆಯ ಮೇಲಿದ್ದ ನೀರು ಇನ್ನೊಂದು ಕೂಸಿಗೆ.

ಡಾಕ್ಟರಮ್ಮನನ್ನು ಕರೆಸಿದೆವು. ನನ್ನ ಚೀಟಿಯಲ್ಲಿದ್ದ ನೂರಾ ಅರವತ್ತೆರಡನ್ನು ನೋಡಿ ಅವರು ಕೂಡಲೇ ಗದಗಿಗೆ ಫೋನ್ ಮಾಡಿದರು. ಅಲ್ಲಿಯ ವೈದ್ಯರು ಹೃದಯದ ಸ್ಕ್ಯಾನ್‌ನಲ್ಲಿ ಏನೂ ಕಾಣದೆ ಯೋಚನೆಯಲ್ಲಿದ್ದರಂತೆ. ರಕ್ತ ತೆಗೆದಾಗ ಅದು ಚಾಕೊಲೇಟ್ ಬಣ್ಣಕ್ಕಿತ್ತು. ಅದಕ್ಕೊಂದು ಔಷಧವಿದೆ, ಕೊಟ್ಟರು. ಸಂಜೆ ಐದಕ್ಕೆ ಫೋನ್ ಬಂತು. ಮೆಹಬೂಬಿ ಅದನ್ನು ಕೇಳಿ, ತಾಯಿಯ ಹಾಸಿಗೆಯ ಬಳಿ ಹೋಗಿ, ತುಟಿ ಕೆಂಪಗಾಗೈತಂತವ್ವ ಎಂದಷ್ಟೇ ಹೇಳಿದರು. ತಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಆ ಆರು ತಿಂಗಳಲ್ಲಿ ಅಲ್ಲಿ ಎಷ್ಟು ಕೂಸುಗಳು ಆ ನೀರು ಕುಡಿದಿದ್ದವೋ ನಾನು ಕೇಳಲಿಲ್ಲ. ಕೇಳುವ ಧೈರ್ಯವಿರಲಿಲ್ಲ.

ಬಸ್ಸಿಗೆ ಮೊದಲು ಫಕ್ಕೀರಪ್ಪನ ಮನೆಗೆ ಹೋದೆ. ಮೀಟರ್ ಸರಿಯಿದೆ, ಕಾಗದ ತಪ್ಪು ಎಂದು ಎದುರಿಗೇ ಹೇಳಬೇಕೆನಿಸಿತ್ತು. ತೊಟ್ಟಿಯ ತುಂಬ ಹಸಿರು ಪಾಚಿ, ಬೆಳ್ಳಗೆ ಸುಣ್ಣದಂತೆ ನಿಂತ ಹವಳದ ಗೂಡುಗಳು. ಅವರು ಬೈಯಲಿಲ್ಲ.

"ಹಡಗದಾಗ ನೀರಿನ ಯಂತ್ರ ಕೆಟ್ರ ಮೊದಲ ಕುಡಿಯೋನು ಎಂಜಿನೀರ್ ಇರ್ತಾನ್ರಿ. ಅದಕ್ಕ ಅಂವ ಸರಿ ಇಟ್ಟಿರ್ತಾನ. ನೀವು ಇಲ್ಲಿ ನೀರು ಒಂದು ದಿನಾನೂ ಕುಡದಿಲ್ಲಲ್ರಿ."

ನಲ್ಲಿಯಿಂದ ತಂದ ಮಾದರಿಯನ್ನು ಪರೀಕ್ಷಿಸಿ, ವರದಿಯನ್ನು ಮೇಲಿನ ಕಚೇರಿಗೆ ನೇರವಾಗಿ ಕಳಿಸಿದೆ. ಘಟಕಕ್ಕೆ ಬೀಗ ಬಿತ್ತು. ಮೂರು ವಾರಕ್ಕೆ ಅದೇ ಜಾಗದಲ್ಲಿ ಶಂಕ್ರಪ್ಪನ ಮೈದುನನ ಹೆಸರಿನಲ್ಲಿ, ಹಸಿರು ಟೈಲ್ಸ್‌ನೊಂದಿಗೆ ಹೊಸ ಘಟಕ ತೆರೆಯಿತು. ಉದ್ಘಾಟನೆಗೆ ನಮ್ಮ ಮೇಲಧಿಕಾರಿ ಹೋಗಿ ಹಾರ ಹಾಕಿಸಿಕೊಂಡು ಬಂದರು. ರಜೆಯಲ್ಲಿದ್ದಾಗ ಅಧಿಕಾರ ಚಲಾಯಿಸಿದ್ದೇಕೆ ಎಂದು ನನಗೊಂದು ನೋಟಿಸು ಬಂತು. ನನ್ನದೇ ಸಹಿಯ ಹಳೆಯ ಪ್ರಮಾಣಪತ್ರದ ಬಗ್ಗೆ ಮಾತ್ರ ಯಾರೂ ಏನೂ ಕೇಳಲಿಲ್ಲ. ಅದು ನನಗೆ ಎಲ್ಲಕ್ಕಿಂತ ಅಸಹ್ಯವೆನಿಸಿತು. ಉತ್ತರದಲ್ಲಿ ಅದನ್ನು ನಾನೇ ಬರೆದೆ. ಒಂದು ವರ್ಷದ ವೇತನ ಬಡ್ತಿ ತಡೆದರು.

ಫಕ್ಕೀರಪ್ಪ ಹೊಸ ಪೊರೆ, ಹೊಸ ರಾಳ ಹಾಕಿಸಿ ನೀರನ್ನು ಸೊನ್ನೆಗೆ ತಂದರು. ವಾರ ವಾರ ಸ್ವಲ್ಪ ಸ್ವಲ್ಪವಾಗಿ ತೊಟ್ಟಿಯ ನೀರು ಬದಲಿಸಿ ಹನ್ನೊಂದರಲ್ಲಿ ಎರಡು ಹವಳ ಉಳಿಸಿಕೊಂಡರು. ಅಸೂಟಿಯ ಕೂಸು ತಾಯಿಯ ಜೊತೆ ಊರಿಗೆ ಹೋಯಿತು.

ಆ ಬಳಿಕ ನಾನು ತೆಗೆಯದ ಪ್ರತಿಯೊಂದು ಮಾದರಿಗೂ ನನ್ನ ಸಹಿಯ ಮೇಲೆ ಕೈಬರಹದಲ್ಲಿ ಒಂದು ಸಾಲು ಸೇರಿಸತೊಡಗಿದೆ: ಈ ಫಲಿತಾಂಶ ಈ ಬಾಟಲಿಗೆ ಮಾತ್ರ, ಬಾಟಲಿ ತುಂಬಿದ್ದನ್ನು ನಾನು ನೋಡಿಲ್ಲ. ಇಂಥ ಕಾಗದವನ್ನು ಗೋಡೆಗೆ ಹಾಕುವಂತಿಲ್ಲ ಎಂದು ಘಟಕಗಳವರು ಜಗಳ ತೆಗೆದರು. ಅಂಥವರಿಗೆ, ಹಾಗಾದರೆ ನಲ್ಲಿಯ ಹತ್ತಿರ ನಾನೇ ಬರುತ್ತೇನೆ ಎಂದೆ. ಕೆಲವರು ಕರೆದರು, ಬಸ್ಸಿನಲ್ಲಿ ಹೋದೆ. ಮೂವತ್ತೊಂದು ವರ್ಷದ ಕೆಲಸ ನನಗೆ ಕಲಿಸಿದ್ದು ಇಷ್ಟೇ. ನಿಖರವಾದ ಅಂಕಿಯಿಂದಲೂ ಮೋಸ ಮಾಡಬಹುದು, ಮತ್ತು ಅದಕ್ಕೆ ಸಹಿ ಹಾಕಿದವರು ಮೋಸಹೋದವರಲ್ಲ, ಪಾಲುದಾರರು. ಈಗ ಎಲ್ಲಿ ಹೋದರೂ ನೀರು ಕೊಟ್ಟಾಗ ಗೋಡೆಯ ಕಾಗದ ನೋಡುವುದಿಲ್ಲ. ಲೋಟ ಹಿಡಿದುಕೊಂಡೇ ಹಿತ್ತಲಿಗೆ ಹೋಗಿ, ನೀರು ಎಲ್ಲಿಂದ ಬಂತೆಂದು ನೋಡಿ ಬರುತ್ತೇನೆ. ಬೀಗರು ಬೇಸರಪಟ್ಟುಕೊಳ್ಳುತ್ತಾರೆ. ಪಟ್ಟುಕೊಳ್ಳಲಿ.