ಫ್ಲೆಕ್ಸಿನ ಹಿಂದಿನ ಬೋರ್ಡು

ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಮೂಕಂಡಪಲ್ಲಿಯ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರು ನಾನು. ಕೂದಲೆಳೆಯಷ್ಟು ಗೀರು ಕಂಡರೂ ಮಾಲು ವಾಪಸ್ಸು. ದೋಸೆಯ ಅಂಚು, ನೆಂಟರ ಮಾತು ಎಲ್ಲವನ್ನೂ ಇದೇ ಕಣ್ಣಲ್ಲಿ ನೋಡುತ್ತೇನೆಂದು ಹೆಂಡತಿಯ ದೂರು. ಇಂಥವನ ಸ್ಕೂಟರಿಗೇ ನೋ ಪಾರ್ಕಿಂಗ್ ದಂಡ ಬಿತ್ತು ಅಂದರೆ ನಿಮಗೆ ನಗು ಬರುವುದು ಸಹಜ. ನಗಿ. ನನಗೆ ಮಾತ್ರ ಅವತ್ತು ಮೈಯೆಲ್ಲ ಉರಿದುಹೋಗಿತ್ತು.

ಹೊಸೂರಿನ ಪೇಟೆಗೆ ಹೋಗಿದ್ದು ತಂಗಿ ಮಂಜುಳಾಳ ಮಗಳಿಗೆ ಓಲೆ ತರಲು. ಊರಿನ ದೇವರಿಗೆಲ್ಲ ಹರಕೆ ಹೊತ್ತು, ಕಾದು ಕಾದು ಪಡೆದ ಕೂಸು ಅದು. ಭಾನುವಾರ ಅದೇ ಬೀದಿಯ ಛತ್ರದಲ್ಲಿ ಅದಕ್ಕೆ ಕಿವಿ ಚುಚ್ಚುವ ಶಾಸ್ತ್ರ. ನಮ್ಮ ಕಡೆ ಸೋದರಮಾವನ ತೊಡೆಯ ಮೇಲೆ ಕೂರಿಸಿಯೇ ಮಗುವಿಗೆ ಕಿವಿ ಚುಚ್ಚಿಸಬೇಕು, ಓಲೆಯೂ ಅವನದೇ. ಅಂಗಡಿಯಿಂದ ಈಚೆ ಬರುವಷ್ಟರಲ್ಲಿ ಪೊಲೀಸರು ಸ್ಕೂಟರಿನ ಫೋಟೋ ಹಿಡಿದು ಹೋಗಿದ್ದರು. ದಂಡದ ಮೆಸೇಜು ಫೋನಿಗೆ ಬಂದು ಕೂತಿತ್ತು.

ಸುತ್ತ ನೋಡಿದೆ, ಬೋರ್ಡೇ ಇಲ್ಲ. ಕಂಬಕ್ಕೆ ಆಳೆತ್ತರದ ಒಂದು ಫ್ಲೆಕ್ಸು ಕಟ್ಟಿತ್ತು. ಅದರ ಹಿಂದಕ್ಕೆ ಹೋಗಿ ಇಣುಕಿದರೆ ನೋ ಪಾರ್ಕಿಂಗ್ ಬೋರ್ಡು ಮುಸುಕು ಹೊದ್ದು ನಿಂತಿದೆ. ಫ್ಲೆಕ್ಸಿನಲ್ಲಿದ್ದವನು ಯಾವನೋ ಪುಢಾರಿ: ಕೋಟು, ಕಪ್ಪು ಕನ್ನಡಕ, ಎಣ್ಣೆ ಸವರಿದಂಥ ಕರೀ ಕೂದಲು, ಸುಣ್ಣ ಬಳಿದ ಕೆನ್ನೆ, ಮುಗಿದ ಕೈ. ಕೆಳಗೆ ತಮಿಳಿನಲ್ಲಿ ಏನೇನೋ ಬರೆದಿತ್ತು. ಕೆಲಮಂಗಲದ ಕನ್ನಡ ಶಾಲೆಯಲ್ಲಿ ಓದಿದ ನನಗೆ ತಮಿಳು ಓದಲು ಒಂದಿಷ್ಟು ವ್ಯವಧಾನ ಬೇಕು. ಸಿಟ್ಟಿನಲ್ಲಿ ಅದೆಲ್ಲಿಯದು? ಇವನ ಮುಸುಡಿ ಬೋರ್ಡನ್ನು ಮುಚ್ಚಿದ್ದಕ್ಕೆ ನಾನ್ಯಾಕೆ ದಂಡ ತೆರಲಿ ಅಂತ ಒಂದು ಫೋಟೋ ತೆಗೆದುಕೊಂಡೆ.

ನಮ್ಮ ಕೃಷ್ಣಗಿರಿ ಸೀಮೆಯ ಹೊಲಬದಿಗಳಲ್ಲಿ ವೀರಗಲ್ಲುಗಳನ್ನು ನೋಡಿರುತ್ತೀರಿ. ದನ ಹೊಡೆದುಕೊಂಡು ಹೋಗುವವರನ್ನು ಅಡ್ಡಗಟ್ಟಿ ಸತ್ತವನಿಗೊಂದು ಕಲ್ಲು, ಹುಲಿಗೆ ಎದುರು ನಿಂತವನಿಗೊಂದು ಕಲ್ಲು. ಆಗೆಲ್ಲ ರಸ್ತೆಬದಿಯಲ್ಲಿ ಚಿತ್ರವಾಗಿ ನಿಲ್ಲಬೇಕಾದರೆ ಪ್ರಾಣವನ್ನೇ ಕೊಡಬೇಕಿತ್ತು. ಈಗ ಒಂದು ಪಾಸ್‌ಪೋರ್ಟ್ ಸೈಜಿನ ಫೋಟೋ ಕೊಟ್ಟರೆ ಸಾಕು. ಈ ಮಾತನ್ನೇ ಟ್ರಾಫಿಕ್ ಠಾಣೆಯಲ್ಲಿ ಹೇಳಬೇಕೆಂದು ಸ್ಕೂಟರಿನ ಮೇಲೆ ಕೂತು ಅಭ್ಯಾಸ ಮಾಡುತ್ತಲೇ ಹೋದೆ.

ಸಬ್‌ಇನ್‌ಸ್ಪೆಕ್ಟರಮ್ಮ ಸಮಾಧಾನದ ಹೆಂಗಸು. ಪೂರ್ತಿ ಕೇಳಿಸಿಕೊಂಡರು. "ನೀವು ಹೇಳೋದು ಸರಿ ಸಾರ್. ಬೋರ್ಡ್ ಕಾಣ್ಸಲ್ಲ. ಫೈನ್ ಕ್ಯಾನ್ಸಲ್ ಮಾಡಿಸ್ತೀನಿ. ಆದ್ರೆ ಆ ಫ್ಲೆಕ್ಸು ಈಗ್ಲೇ ಕಿತ್ತಾಕಿಸಿ, ಕಟ್ದವ್ರ ಮೇಲೆ ಕೇಸೂ ಹಾಕ್ತೀನಿ" ಅಂದರು.

"ಹಾಕಿ ಮೇಡಂ, ಬಿಡಬೇಡಿ" ಅಂದೆ.

ಅವರು ನನ್ನ ಫೋನಿನಲ್ಲಿ ಚಿತ್ರವನ್ನು ದೊಡ್ಡದು ಮಾಡಿ ಕೆಳಗಿನ ತಮಿಳು ಓದಿದರು. ದಂಡದ ಮೆಸೇಜಿನಲ್ಲಿದ್ದ ನನ್ನ ಹೆಸರು ಓದಿದರು. ಆಮೇಲೆ ನನ್ನ ಮುಖ ನೋಡಿದರು. "ಸಾರ್, ತಾಯ್‌ಮಾಮ, ಅಂದ್ರೆ ಸೋದರಮಾವ, ಅಂತ ಹಾಕಿ ನಿಮ್ಮ ಹೆಸ್ರೇ ಬರ್ದಿದ್ದಾರಲ್ಲ. ಇದು ನೀವಲ್ವಾ?"

ನಾನೇ. ಮಂಜುಳಾಳ ಮದುವೆಯಲ್ಲಿ ತೆಗೆದ ಫೋಟೋದಿಂದ ನನ್ನ ತಲೆಯನ್ನು ಎತ್ತಿ ಯಾರದೋ ಕೋಟಿನ ಮೇಲೆ ಕೂರಿಸಿದ್ದರು. ಕಟ್ಟಿಸಿದವನು ತಂಗಿಯ ಗಂಡ ಮುನಿರಾಜು ಅಂತಲೂ ಅಲ್ಲೇ ಬರೆದಿತ್ತು; ನನ್ನನ್ನು ಬೆರಗುಗೊಳಿಸಲೆಂದು ಗುಟ್ಟಾಗಿ ಕಟ್ಟಿಸಿದ್ದಂತೆ. ಲೋಕದ ಗೀರುಗಳನ್ನೆಲ್ಲ ಹುಡುಕುವ ನನಗೆ ನನ್ನ ಮುಖದ ಗುರುತೇ ಹತ್ತಿರಲಿಲ್ಲ.

ಈಗ ಗೆದ್ದರೆ ಏನಾಗುತ್ತೆ ಅಂತ ಆಗ ಹೊಳೆಯಿತು. ಅಷ್ಟು ಕಾದು ಪಡೆದ ಮಗುವಿನ ಮೊದಲ ಶುಭಕಾರ್ಯ. ಹೊತ್ತಿಗೆ ಮುಂಚೆಯೇ ಪೊಲೀಸರು ಬಂದು ಫ್ಲೆಕ್ಸು ಕಿತ್ತು, ಮುನಿರಾಜನನ್ನು ಠಾಣೆಗೆ ಕರೆದರೆ ಮಂಜುಳಾ ಅಪಶಕುನವೆಂದು ಕುಗ್ಗಿಹೋಗುತ್ತಾಳೆ. ಅದೂ ಅಣ್ಣನ ದೂರಿನಿಂದ.

"ಮೇಡಂ, ದಂಡ ಕಟ್ಟುತ್ತೇನೆ. ಕೇಸು ಬೇಡ. ಭಾನುವಾರ ಮಧ್ಯಾಹ್ನದವರೆಗೆ ಅದು ಅಲ್ಲೇ ಇರಲಿ" ಅಂತ ಕೈ ಮುಗಿದೆ. ಫ್ಲೆಕ್ಸಿನಲ್ಲಿದ್ದ ಹಾಗೆಯೇ ಮುಗಿದಿರಬೇಕು, ಅವರಿಗೆ ನಗು ತಡೆಯಲಾಗಲಿಲ್ಲ. ಕೊನೆಗೊಂದು ಷರತ್ತು ಹಾಕಿದರು: ಫ್ಲೆಕ್ಸು ಇರುವವರೆಗೂ ಬೋರ್ಡಿನ ಕೆಲಸವನ್ನು ನಾವೇ ಮಾಡಬೇಕು.

ಭಾನುವಾರದವರೆಗಿನ ಕಾವಲಿಗೆ ಆ ಕಂಬದ ಪಕ್ಕ ಎಳನೀರು ಮಾರುವವನನ್ನು ಒಪ್ಪಿಸಿದೆ. ಭಾನುವಾರ ಬೆಳಿಗ್ಗೆ ರೇಷ್ಮೆ ಪಂಚೆ ಉಟ್ಟು ನಾನೇ ನನ್ನ ಕೆಳಗೆ ನಿಂತೆ. ಮೇಲಿನವನು ಬನ್ನಿ ಬನ್ನಿ ಅನ್ನುತ್ತಿದ್ದ, ಕೆಳಗಿನವನು ಇಲ್ಲಿ ಗಾಡಿ ನಿಲ್ಲಿಸಬೇಡಿ ಅನ್ನುತ್ತಿದ್ದ. ಗುಮ್ಮಳಾಪುರದ ಅತ್ತೆ ಆಟೋದಿಂದ ತಲೆ ಹಾಕಿ, "ಏನ್ಲಾ ಇದು, ಪಟದಾಗೆ ಕರೀತೀಯ, ಎದ್ರಿಗೆ ಬಂದ್ರೆ ಓಡುಸ್ತೀಯ?" ಅಂತ ಬೈದೇ ಇಳಿದಳು.

ಮುಹೂರ್ತಕ್ಕೆ ಮುನಿರಾಜು ಬಂದು ನನ್ನ ಜಾಗದಲ್ಲಿ ನಿಂತ. ಸೂಜಿ ತಾಗಿದಾಗ ಮಗು ಛತ್ರ ಹಾರಿಹೋಗುವಂತೆ ಅತ್ತಿತು. ಆಮೇಲೆ ನನ್ನ ಹೆಬ್ಬೆರಳು ಹಿಡಿದುಕೊಂಡು ತೊಡೆಯ ಮೇಲೇ ನಿದ್ದೆ ಹೋಯಿತು. ನನಗೆ ತುಂಬ ಖುಷಿಯಾಗಿತ್ತು. ಆದರೂ ಹುಟ್ಟುಗುಣ ಬಿಡಬೇಕಲ್ಲ, ಪಕ್ಕದಲ್ಲಿ ಕೂತಿದ್ದ ಮಂಜುಳಾಳನ್ನು ಕೇಳಿಯೇಬಿಟ್ಟೆ: "ಅಲ್ಲ ಕಣಮ್ಮ, ಆ ಕೋಟು, ಆ ಕನ್ನಡಕ ಹಾಕ್ಸಿದ್ದು ಯಾರು? ನನ್ನಂಗೆ ಎಲ್ಲೈತೆ ಅದು?"

"ನಾನೇ ಹಾಕ್ಸಿದ್ದು ಕಣಣ್ಣ" ಅಂದಳು, ಮಗುವಿನ ಓಲೆ ಸರಿಮಾಡುತ್ತಾ. "ನಂಗೆ ನೀನು ಹಂಗೇ ಕಾಣೋದು."

ಆ ತಕರಾರನ್ನೂ ನಾನು ಅಲ್ಲೇ ವಾಪಸ್ಸು ತೆಗೆದುಕೊಂಡೆ.